ಮಂಡಿ ಬದಲಿ ಆಪರೇಷನ್ ನಂತರ ಐಸ್ ಇಡೋದು ಹೇಗೆ?

ಪ್ರಶ್ನೆ: ಆಪರೇಷನ್ ಆಗಿ ಐದನೇ ದಿನ, ಊತ ಇಳಿದಿಲ್ಲ. ಐಸ್ ಎಷ್ಟು ಹೊತ್ತು ಇಡಬೇಕು? ಜೆಲ್ ಪ್ಯಾಕ್ ಕಲ್ಲಾಗಿ ಮಂಡಿಗೆ ಕೂರಲ್ಲ.

ಉತ್ತರ 1: ಸಲಕ್ಕೆ 15–20 ನಿಮಿಷ, ನಡುವೆ ಕನಿಷ್ಠ ಒಂದು ಗಂಟೆ ಬಿಡುವು. ವ್ಯಾಯಾಮ ಮುಗಿದ ಕೂಡಲೇ ಇಡಿ. ಟವೆಲ್ ಬೇಕೇ ಬೇಕು: ಹೊಲಿಗೆಯ ಹೊರಮಗ್ಗುಲಲ್ಲಿ ಚರ್ಮ ಮರಗಟ್ಟಿರುತ್ತೆ, ಐಸ್ ಸುಟ್ಟರೂ ಗೊತ್ತಾಗಲ್ಲ. ಡ್ರೆಸ್ಸಿಂಗ್ ಒದ್ದೆಯಾಗಬಾರದು.

ಉತ್ತರ 2: ಜಿಪ್ ಕವರ್‌ಗೆ 3 ಲೋಟ ನೀರು, 1 ಲೋಟ ಸರ್ಜಿಕಲ್ ಸ್ಪಿರಿಟ್ ಹಾಕಿ, ಗಾಳಿ ತೆಗೆದು, ಇನ್ನೊಂದು ಕವರಲ್ಲಿಟ್ಟು ಫ್ರೀಜರ್‌ಗಿಡಿ. ಗಂಜಿಯ ಹಾಗೆ ಮೆತ್ತಗಿರುತ್ತೆ. ಆದರೆ ಸೊನ್ನೆ ಡಿಗ್ರಿಗಿಂತ ತಣ್ಣಗೆ, ಬಟ್ಟೆ ಎರಡು ಮಡಿಕೆ ಇರಲಿ. (ಫ್ರೀಜರ್‌ನಲ್ಲಿಟ್ಟ ಹಸಿ ಬಟಾಣಿ ಪ್ಯಾಕೆಟ್ಟೂ ನಡೆಯುತ್ತೆ.)

ಉತ್ತರ 3: ದಿಂಬು ಹಿಮ್ಮಡಿ ಕೆಳಗಿಡಿ, ಮಂಡಿ ಕೆಳಗೆ ಬೇಡ, ಕಾಲು ಪೂರ್ತಿ ನೆಟ್ಟಗಾಗಲ್ಲ. ಮೀನಖಂಡ ಬಿಗಿದು ನೋವು ಬಂದರೆ ಐಸ್ ನಂಬಿ ಕೂರಬೇಡಿ, ಅಂದೇ ಡಾಕ್ಟರಿಗೆ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು.