ಅಪ್‌ಡೇಟ್: 26 ವರ್ಷ ಪಾಠ ಮಾಡಿ ಏನು ಉಳಿಯಿತು ಅಂತ ಕೇಳಿದ್ದೆ
ಗಣಿತ ಕಲಿಸುತ್ತಾ 26 ವರ್ಷ ಆಯಿತು, ಈಗ ಎಲ್ಲ ಖಾಲಿ ಅನಿಸುತ್ತಿದೆ ಅಂತ ಹೋದ ವಾರ ಬರೆದಿದ್ದೆ ಅಲ್ವಾ, ಅದರ ಮುಂದಿನ ಕಥೆ ಇದು.

ರಜೆ ಹಾಕಿ ಅಂದಿದ್ದಿರಿ. ಹಾಕಿದೆ. ಸುಮ್ನೆ ಕೂತು ಯೋಚನೆ ಇನ್ನೂ ಜಾಸ್ತಿ ಆಯಿತು.

ಕೆಲಸಕ್ಕೆ ಬಂದದ್ದು ಹಳೆಯ ಪಾಠದ ಡೈರಿಗಳನ್ನು ಓದಿ ಎಂಬ ಸಲಹೆ. ಮೊದಲ ವರ್ಷ ಭಿನ್ನರಾಶಿಗೆ ಒಂದೇ ಸಾಲು: ‘ನಿಯಮ ಬರೆಸಿದೆ.’ ಹತ್ತನೇ ವರ್ಷದ ಡೈರಿಯ ಅಂಚಿನಲ್ಲಿ ಪೆನ್ಸಿಲ್ ಬರಹ: ‘1/2ಕ್ಕಿಂತ 1/3 ದೊಡ್ಡದು ಅಂತಾರೆ, 3 ದೊಡ್ಡದಲ್ವಾ ಅಂತ. ಕಾಗದ ಮಡಚಿ ತೋರಿಸಬೇಕು.’ ಇದು ಮರೆತೇ ಹೋಗಿತ್ತು. ನನಗೆ ಪಾಠ ಮಾಡಲು ಕಲಿಸಿದ್ದು ಮಕ್ಕಳ ತಪ್ಪುಗಳೇ ಅಂತ ಈಗ ಗೊತ್ತಾಯಿತು.

ನಿನ್ನೆ ಮತ್ತೆ ಕಾಗದ ಮಡಚಿದೆ. ‘ಓ, ಪಾಲು ಜಾಸ್ತಿ ಆದಷ್ಟೂ ತುಂಡು ಚಿಕ್ಕದಾಗುತ್ತೆ!’ ಅಂದಳು ಹಿಂದಿನ ಬೆಂಚಿನ ಹುಡುಗಿ. ಡೈರಿ ಓದಿ ಅಂದವರಿಗೆ ತುಂಬಾ ಥ್ಯಾಂಕ್ಸ್.