ಪದಚರ್ಚೆ: ಪ್ರೆಸೆಂಟೇಷನ್ ಅಂದರೆ ಪ್ರಸ್ತುತಿಯೋ, ಮಂಡನೆಯೋ, ಪ್ರಾತ್ಯಕ್ಷಿಕೆಯೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಸಣ್ಣ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗೆ ಎಂಟು ಪುಟದ ಕನ್ನಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಗ್ರಾಹಕರು ಬಂದಾಗ ಪ್ರೊಜೆಕ್ಟರ್ ಹಾಕಿ ಕೆಲಸದ ವಿವರ ತೋರಿಸುವುದು ಹೇಗೆ ಅನ್ನುವುದು ವಿಷಯ. ಕರಡಿನಲ್ಲಿ ಪ್ರೆಸೆಂಟೇಷನ್‌ಗೆ ಒಂದು ಕಡೆ ‘ಪ್ರಸ್ತುತಿ’, ಇನ್ನೊಂದು ಕಡೆ ‘ಪ್ರಾತ್ಯಕ್ಷಿಕೆ’, ಮತ್ತೊಂದು ಕಡೆ ‘ನಿರೂಪಣೆ’ ಎಂದಿದೆ. ಸ್ಲೈಡ್‌ಗೆ ‘ಜಾರುಫಲಕ’, ಕೀಸ್ಟೋನ್ ಕರೆಕ್ಷನ್‌ಗೆ ‘ಮೂಲೆಗಲ್ಲು ತಿದ್ದುಪಡಿ’, ವಿಂಡೋಸಿನ ‘ಎಕ್ಸ್‌ಟೆಂಡ್’ಗೆ ‘ವಿಸ್ತರಿಸು’. ಓದುವವರ ಬಾಯಲ್ಲಿ ಇರುವುದು ಮಾತ್ರ ‘ಪಿಪಿಟಿ ಹಾಕು’. ಯಾವುದು ಉಳಿಯಬೇಕು?

ಉತ್ತರ 1

‘ಪ್ರಾತ್ಯಕ್ಷಿಕೆ’ಯನ್ನು ಆ ಜಾಗದಿಂದ ಮೊದಲು ಎತ್ತಿ. ಕಣ್ಣೆದುರು ಮಾಡಿ ತೋರಿಸಿದರೆ ಮಾತ್ರ ಪ್ರಾತ್ಯಕ್ಷಿಕೆ. ಜಿಕೆವಿಕೆ ಕೃಷಿಮೇಳದಲ್ಲಿ ಯಂತ್ರ ಓಡಿಸಿ ತೋರಿಸುವುದು, ಯಕ್ಷಗಾನದವರು ಹೆಜ್ಜೆ ಹಾಕಿ ತೋರಿಸುವುದು ಆ ಬಗೆ. ಕಾರ್ಯಸೂಚಿಯಲ್ಲಿ ‘11ಕ್ಕೆ ಪ್ರಾತ್ಯಕ್ಷಿಕೆ’ ಎಂದು ಓದಿದ ಗ್ರಾಹಕ ಸಿಎನ್‌ಸಿ ಯಂತ್ರ ನೋಡಲು ಬರುತ್ತಾನೆ, ಗೋಡೆ ನೋಡಲು ಅಲ್ಲ. ‘ನಿರೂಪಣೆ’ ಟಿವಿಯವರಿಗೂ ಸಮಾರಂಭದವರಿಗೂ ಸಲ್ಲಲಿ.

‘ಪ್ರಸ್ತುತಿ’ ತಪ್ಪಲ್ಲ, ಸಪ್ಪೆ. ಕನ್ನಡದ ಕಿವಿಗೆ ‘ಪ್ರಸ್ತುತ’ ಎಂದರೆ ಈಗಿನದು, ಇಲ್ಲವೇ ಸಂದರ್ಭಕ್ಕೆ ಒಪ್ಪುವಂಥದ್ದು. ಒಪ್ಪದ್ದು ಅಪ್ರಸ್ತುತ. ‘ಪ್ರಸ್ತುತಿ’ ಅಂದಾಗ ಏನೋ ಒಂದು ತೋರಿಸಿದರು ಅನ್ನುವಷ್ಟೇ ಅರ್ಥ ಹೊರಡುತ್ತದೆ.

ನನ್ನ ಮತ ‘ಮಂಡನೆ’ಗೆ. ಬಜೆಟ್ ಮಂಡನೆ, ಮಸೂದೆ ಮಂಡನೆ, ಪ್ರಬಂಧ ಮಂಡನೆ: ಮೂರರಲ್ಲೂ ಮುಂದಿಟ್ಟದ್ದರ ಮೇಲೆ ಪ್ರಶ್ನೆ ಏಳುತ್ತದೆ, ಖಂಡನೆಯೂ ಬರಬಹುದು. ಆರ್ಡರ್ ಕೇಳುವ ಸಭೆಯಲ್ಲಿ ನಡೆಯುವುದೂ ಅದೇ. ಈ ಪದ ಹಿಡಿದರೆ ಸ್ಲೈಡಿನ ತಲೆಬರಹವೇ ಬದಲಾಗಬೇಕಾಗುತ್ತದೆ. ‘ಗುಣಮಟ್ಟ’ ಎಂಬುದನ್ನು ಯಾರೂ ಮಂಡಿಸಲಾರರು, ಅದೊಂದು ಬರೀ ನಾಮಪದ. ‘ಹೊಸ ಫಿಕ್ಸ್‌ಚರ್ ಹಾಕಿದ ಮೇಲೆ ರಿಜೆಕ್ಷನ್ ಅರ್ಧಕ್ಕೆ ಇಳಿದಿದೆ’ ಎಂಬುದನ್ನು ಮಂಡಿಸಬಹುದು. ಅದರ ಕೆಳಗೆ ಒಂದೇ ಗ್ರಾಫ್ ಸಾಕು.

‘ಜಾರುಫಲಕ’ ಬೇಡ. ಮ್ಯಾಜಿಕ್ ಲ್ಯಾಂಟರ್ನ್ ಕಾಲದಲ್ಲಿ ಚಿತ್ರ ಬರೆದ ಗಾಜನ್ನು ದೀಪದ ಮುಂದಿನ ಸಂದಿಗೆ ಸರಿಸುತ್ತಿದ್ದರು, ಹೆಸರು ಬಂದದ್ದು ಅಲ್ಲಿಂದ. ಆಮೇಲೆ 35 ಮಿ.ಮೀ. ಫಿಲ್ಮನ್ನು ಎರಡಿಂಚು ಚೌಕದ ಕಟ್ಟಿನಲ್ಲಿ ಕೂರಿಸಿದರು, ಹೆಸರು ಉಳಿಯಿತು. ಸರಿಸಿದ್ದನ್ನು ನಾವು ಜಾರಿಸಿದರೆ ಜಾರುಬಂಡೆ ನೆನಪಾಗುತ್ತದೆ, ಅಷ್ಟೆ. ‘ಸ್ಲೈಡ್’ ಇರಲಿ. ‘ಪಿಪಿಟಿ’ಯೂ ಇರಲಿ, ಆದರೆ ಕಡತಕ್ಕೆ ಮಾತ್ರ. ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂತೋಷ್‌ಗೆ ಬಂದ ತಂತ್ರಾಂಶ. ಅದರ ಕಡತದ ಹೆಸರಿಗೆ ಹತ್ತುವ ಬಾಲ (.ppt) ನಮ್ಮಲ್ಲಿ ಇಡೀ ಕೆಲಸದ ಹೆಸರಾಗಿ ಕೂತಿದೆ.

ಉತ್ತರ 2

ಮೇಲಿನದಕ್ಕೆ ನನ್ನ ಒಪ್ಪಿಗೆ. ಯಂತ್ರದ ಪದಗಳ ಬಗ್ಗೆ ನಾಲ್ಕು ಮಾತು.

ಕೀಸ್ಟೋನ್ ಕಮಾನಿನ ನಡುನೆತ್ತಿಯ ಕಲ್ಲು, ಮೇಲೆ ಅಗಲ, ಕೆಳಗೆ ಕಿರಿದು. ಮೂಲೆಗಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಮೇಜಿನ ಮೇಲಿನ ಪ್ರೊಜೆಕ್ಟರ್‌ನ ಮೂತಿ ಎತ್ತಿದಾಗ ಚಿತ್ರ ಇದೇ ಆಕಾರಕ್ಕೆ, ಶಾಲೆಯ ಗಣಿತದ ತ್ರಾಪಿಜ್ಯಕ್ಕೆ, ತಿರುಗುತ್ತದೆ. ‘ಓರೆ ತಿದ್ದುವುದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಜೊತೆಗೆ ಇದನ್ನೂ ಬರೆಯಿರಿ: ಗುಂಡಿ ಒತ್ತಿ ತಿದ್ದಿದಾಗ ಮೇಲಿನ ಅಗಲದ ಭಾಗವನ್ನು ಯಂತ್ರ ಕಡಿಮೆ ಪಿಕ್ಸೆಲ್‌ಗಳಲ್ಲಿ ಹಿಂಡುತ್ತದೆ. ತಲೆಬರಹ ಇರುವುದು ಅಲ್ಲೇ. ‘ಉತ್ಪಾದನೆ’ಯ ಪ-ಒತ್ತು ಮೊದಲು ಮಸುಕಾಗುತ್ತದೆ. ಹಾಗಾಗಿ ಮೊದಲು ಯಂತ್ರದಲ್ಲಿನ ಓರೆ ತಿದ್ದುವ ಅಂಕಿಯನ್ನು ಸೊನ್ನೆಗೆ ತಂದು, ಪ್ರೊಜೆಕ್ಟರನ್ನು ಎತ್ತರಕ್ಕಿಟ್ಟು ಗೋಡೆಗೆ ನೇರ ಮಾಡಿ, ಉಳಿದ ಚೂರನ್ನಷ್ಟೇ ಗುಂಡಿಯಿಂದ ತಿದ್ದಬೇಕು.

‘ತ್ರೋ ರೇಷಿಯೊ’ಗೆ ‘ಎಸೆತದ ಅನುಪಾತ’ ಅಂದರೆ ಕ್ರಿಕೆಟ್ ಆಗುತ್ತದೆ. ಅದು ಪ್ರೊಜೆಕ್ಟರ್ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ್ದು. ಲೆಕ್ಕವನ್ನೇ ಕೊಡಿ: ಅನುಪಾತ 1.5 ಇದ್ದು 8 ಅಡಿ ಅಗಲದ ಚಿತ್ರ ಬೇಕಾದರೆ ಪ್ರೊಜೆಕ್ಟರ್ 12 ಅಡಿ ದೂರ ಇರಬೇಕು.

‘ವಿಸ್ತರಿಸು’ ಅಪಾಯದ ಪದ. ಚಿತ್ರ ದೊಡ್ಡದಾಗುತ್ತದೆ ಎಂದು ಓದುಗ ತಿಳಿಯುತ್ತಾನೆ. ವಿಂಡೋಸ್ ಕೀಲಿಯ ಜೊತೆ ‘ಪಿ’ ಒತ್ತಿದಾಗ ಬರುವ ‘ಡೂಪ್ಲಿಕೇಟ್’ ಎಂದರೆ ಲ್ಯಾಪ್‌ಟಾಪ್ ಪರದೆ, ಗೋಡೆ ‘ಎರಡರಲ್ಲೂ ಒಂದೇ’, ‘ಎಕ್ಸ್‌ಟೆಂಡ್’ ಎಂದರೆ ‘ಎರಡರಲ್ಲೂ ಬೇರೆಬೇರೆ’. ಹೀಗೆ ಬಿಡಿಸಿ ಬರೆದರೆ ಗೊಂದಲವಿಲ್ಲ. ಪವರ್‌ಪಾಯಿಂಟಿನ ಪ್ರೆಸೆಂಟರ್ ವ್ಯೂನಲ್ಲಿ ಟಿಪ್ಪಣಿ ಮಂಡಿಸುವವರಿಗೆ ಮಾತ್ರ ಕಾಣಬೇಕಾದರೆ ಎರಡನೆಯದೇ ಬೇಕು. ಪರದೆಗಳು ಅದಲುಬದಲಾದರೆ ‘ಕೊನೆಯ ದರ ಇಷ್ಟು’ ಎಂದು ಬರೆದುಕೊಂಡದ್ದು ಗ್ರಾಹಕನ ಎದುರಿನ ಗೋಡೆಯ ಮೇಲಿರುತ್ತದೆ! ಅದೇ ವ್ಯೂನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ಸ್ವಾಪ್’ ಒತ್ತಿದರೆ ಸರಿಹೋಗುತ್ತದೆ, ಆದರೆ ಸಭೆಗೆ ಮೊದಲು.

ಅಕ್ಷರದ ಮಾತೂ ಸೇರಲಿ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡ್, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಟೊಪ್ಪಿ ಹಾಕಿದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಹಾಕಿ, ಒಂದು ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ಸಾಲುಗಳ ಅಂತರ ‘ಎಕ್ಸಾಕ್ಟ್‌ಲಿ’ ಎಂದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಗಲುತ್ತದೆ; ‘ಮಲ್ಟಿಪಲ್’ 1.2 ಇಟ್ಟು ನೋಡಿ.

ಕೇಳಿದವರಿಂದ

ಧನ್ಯವಾದ. ‘ಮಂಡನೆ’, ‘ಓರೆ ತಿದ್ದುವುದು’, ‘ಎರಡರಲ್ಲೂ ಬೇರೆಬೇರೆ’ ತೆಗೆದುಕೊಂಡೆ. ಸೂಪರ್‌ವೈಸರ್ ಬಾಯಲ್ಲಿ ‘ಮಂಡಿಸುತ್ತೇನೆ’ ಸ್ವಲ್ಪ ವಿಧಾನಸೌಧದ ಧಾಟಿ ಅನ್ನಿಸಿತು. ಶೀರ್ಷಿಕೆಗೆ ‘ಮಂಡನೆ’, ಒಳಗಿನ ವಾಕ್ಯಗಳಲ್ಲಿ ‘ಮುಂದಿಡಿ’ ಮಾಡಿದ್ದೇನೆ. ಹ್ಯಾಂಡ್‌ಔಟ್ ಒಂದು ಬಾಕಿ. ‘ಕರಪತ್ರ’ ಆದೀತೆ?

ಉತ್ತರ 1

ಬೇಡ, ಕರಪತ್ರ ಬಸ್‌ಸ್ಟ್ಯಾಂಡಿನಲ್ಲಿ ಹಂಚುವುದು. ‘ವಿವರದ ಹಾಳೆ’ ಅನ್ನಿ. ಮೈಕ್ರಾನ್ ಲೆಕ್ಕದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಪಟ್ಟಿ ಹೋಗಬೇಕಾದ್ದು ಆ ಹಾಳೆಗೆ. ಇಪ್ಪತ್ತು ಸಾಲಿನ ಪಟ್ಟಿಯನ್ನು ಸ್ಲೈಡಿಗೆ ತುರುಕಿದರೆ ಹಿಂದಿನ ಸಾಲಿನಲ್ಲಿ ಕೂತವರಿಗೆ ಗೆರೆಗಳಷ್ಟೇ ಕಾಣುತ್ತವೆ.