ಹೈಡ್, ಕನ್ಸೀಲ್ ಎರಡೂ ಒಂದೇನಾ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಸಪ್ತಾಪುರ, ಧಾರವಾಡ): ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಹೈಡ್ ಎದುರು ಕನ್ಸೀಲ್ ಅಂತಲೇ ಇರುತ್ತದೆ. ಆದರೆ ಬಿಟ್ಟ ಸ್ಥಳ ತುಂಬುವಾಗ ಎರಡನ್ನೂ ಕೊಟ್ಟು ಒಂದೇ ಸರಿ ಅಂತಾರೆ. ನೀವು ಹೇಗೆ ಗುರುತಿಸುತ್ತೀರಿ?

ಹಾವೇರಿ, ಹೈಸ್ಕೂಲ್ ಶಿಕ್ಷಕ: ತಂಗಿ, ಅರ್ಥ ಆಮೇಲೆ, ಮೊದಲು ವಾಕ್ಯ ನೋಡಮ್ಮ. 'ದಿ ಬಾಯ್ ಹಿಡ್ ಬಿಹೈಂಡ್ ದಿ ಡೋರ್' ಸರಿ. ಹುಡುಗ ತಾನೇ ಅಡಗಿಕೊಂಡ. ಅಲ್ಲಿ ಸುಮ್ನೆ ಕನ್ಸೀಲ್ಡ್ ಹಾಕಿದರೆ ತಪ್ಪು. ಕನ್ಸೀಲ್‌ಗೆ ಕರ್ಮ, ಅಂದರೆ ಏನನ್ನು, ಯಾರನ್ನು ಅಂತ ಹೇಳುವ ಪದ, ಬೇಕೇ ಬೇಕು. 'ಕನ್ಸೀಲ್ಡ್ ಹಿಮ್‌ಸೆಲ್ಫ್' ಅಂದರೆ ಸರಿಹೋಗುತ್ತದೆ. ಕನ್ನಡದಲ್ಲಿ ಅಡಗು ಬೇರೆ, ಅಡಗಿಸು ಬೇರೆ ಅಲ್ವಾ? ಹೈಡ್ ಆ ಎರಡೂ ಕೆಲಸ ಮಾಡುತ್ತದೆ. ಕನ್ಸೀಲ್ ಅಡಗಿಸು ಮಾತ್ರ. ನಮ್ಮ ಹತ್ತನೇ ತರಗತಿ ಮಕ್ಕಳಿಗೆ ಹೀಗೆ ಹೇಳಿದರೆ ಬೇಗ ತಿಳಿಯುತ್ತದೆ. ಹೈಡ್, ಹಿಡ್, ಹಿಡನ್ ಬಾಯಿಪಾಠ ಇರಲಿ, 'ಹೈಡೆಡ್' ಅಂತ ಬರೆಯುವವರು ಬಹಳ.

ಧಾರವಾಡ, ವಕೀಲರ ಆಫೀಸಿನಲ್ಲಿ ಟೈಪಿಸ್ಟ್: ನಮ್ಮ ಕಾಗದಪತ್ರದಲ್ಲಿ ಹೈಡ್ ಅಪರೂಪ, ಬರುವುದೆಲ್ಲ ಕನ್ಸೀಲ್. ವಂಚನೆಯ ಕಲಂ ನೋಡಿ. 'ಡಿಸ್ಆನೆಸ್ಟ್ ಕನ್ಸೀಲ್‌ಮೆಂಟ್ ಆಫ್ ಫ್ಯಾಕ್ಟ್ಸ್', ಅಂದರೆ ಅಪ್ರಾಮಾಣಿಕವಾಗಿ ಸಂಗತಿ ಮುಚ್ಚಿಡುವುದು ಕೂಡ ಮೋಸವೇ ಅಂತ ಹಳೆಯ ದಂಡ ಸಂಹಿತೆ ಐಪಿಸಿಯ 415ನೇ ಕಲಂನ ವಿವರಣೆಯಲ್ಲಿತ್ತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂನಲ್ಲೂ ಆ ಮಾತು ಉಳಿದಿದೆ. ಗೊತ್ತಿದ್ದೂ ಮುಚ್ಚಿಟ್ಟರೆ ಕನ್ಸೀಲ್.

ಗದಗ, ವೈರಿಂಗ್ ಕೆಲಸ: ಅಣ್ಣಾ, ಇದನ್ನು ಓದಿದವರಿಗೆ ಕನ್ಸೀಲ್ ಅಂದರೆ ಮೋಸ ಅನ್ನಿಸೀತು. ಗೋಡೆ ಕೊರೆದು ಪೈಪ್ ಕೂರಿಸಿ, ಮೇಲೆ ಪ್ಲಾಸ್ಟರ್ ಮಾಡಿದರೆ ಅದೇ ಕನ್ಸೀಲ್ಡ್ ವೈರಿಂಗ್. ಹೊರಗೆ ಕಾಣುವ ಪಟ್ಟಿ ಬೇಡ ಅಂತ ಮನೆಯವರೇ ದುಡ್ಡು ಕೊಟ್ಟು ಮಾಡಿಸುತ್ತಾರೆ. ಬೇಕಂತಲೇ ಕಾಣದ ಹಾಗೆ ಮಾಡಿದ್ದು ನಿಜ, ಯಾರನ್ನೂ ಮೋಸ ಮಾಡಿಲ್ಲ.

ಟೈಪಿಸ್ಟ್: ಒಳ್ಳೇ ಮಾತು, ಒಪ್ಪಿದೆ. ಕಾನೂನಿನಲ್ಲಿ 'ಡಿಸ್ಆನೆಸ್ಟ್' ಅಂತ ಬೇರೆಯಾಗಿ ಸೇರಿಸಿದ್ದೂ ಅದಕ್ಕೇ ಇರಬೇಕು. ಕನ್ಸೀಲ್‌ನಲ್ಲಿ ಉದ್ದೇಶ ಇರುತ್ತದೆ. ಆ ಉದ್ದೇಶ ಕೆಟ್ಟದ್ದೇ ಆಗಬೇಕಿಲ್ಲ.

ಹುಬ್ಬಳ್ಳಿ, ಬ್ಯಾಂಕ್ ಉದ್ಯೋಗಿ: ಉದ್ದೇಶದ ಮಾತನ್ನೂ ತೀರಾ ಬಿಗಿಯಾಗಿ ಹಿಡಿಯಬೇಡಿ. ಮೋಡ ಸೂರ್ಯನನ್ನು ಮರೆಮಾಡಿದರೆ ಹೈಡ್ ಸಹಜ, ಆದರೆ ಕನ್ಸೀಲ್ ಅಂತ ಬರೆಯುವವರೂ ಇದ್ದಾರೆ. ಹೈಡ್ ಹಳೆಯ ಇಂಗ್ಲಿಷಿನ ಮನೆಮಾತು. ಕನ್ಸೀಲ್ ಲ್ಯಾಟಿನ್ನಿನಿಂದ ಫ್ರೆಂಚ್ ದಾರಿಯಾಗಿ ಬಂದದ್ದು, ಅದಕ್ಕೇ ಅದರಲ್ಲಿ ಕಚೇರಿಯ ಗತ್ತು. ಮಗು ಚಾಕೊಲೇಟ್ ಬಚ್ಚಿಟ್ಟರೆ ಹೈಡ್. ಅರ್ಜಿದಾರ ಹಳೆಯ ಸಾಲ ಮುಚ್ಚಿಟ್ಟ ಅಂತ ವರದಿ ಬರೆದರೆ ಕನ್ಸೀಲ್.

ನಾನು ಓದುವಾಗ ಒಂಟಿ ಪದ ಬರೆದುಕೊಳ್ಳುವುದನ್ನೇ ಬಿಟ್ಟೆ. ಹಿಡನ್ ಚಾರ್ಜಸ್, ಹಿಡನ್ ಟ್ಯಾಲೆಂಟ್, ಕನ್ಸೀಲ್ಡ್ ವೆಪನ್ ಅಂತ ಜೋಡಿಯಾಗಿಯೇ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ಟ್ಯಾಲೆಂಟನ್ನು ಯಾರೂ ಬೇಕಂತ ಬಚ್ಚಿಟ್ಟಿರುವುದಿಲ್ಲ, ಹಾಗಾಗಿ ಅಲ್ಲಿ ಕನ್ಸೀಲ್ಡ್ ಒಗ್ಗುವುದಿಲ್ಲ. ಪರೀಕ್ಷೆಯಲ್ಲಿ ಮೊದಲು ಹಾವೇರಿ ಸರ್ ಹೇಳಿದ ಹಾಗೆ ಕರ್ಮ ಇದೆಯಾ ನೋಡು. ಇದ್ದರೆ ವಾಕ್ಯದ ಉಳಿದ ಪದಗಳು ಮನೆಯವೋ ಕಚೇರಿಯವೋ ನೋಡು. ಎರಡಕ್ಕೂ ಮುಂದೆ 'ಫ್ರಮ್' ಬರಬಹುದು, ಅದನ್ನು ನೋಡಿ ಉತ್ತರ ಆರಿಸಬೇಡ.